ಆಟಕ್ಕುಂಟು, ಲೆಕ್ಕಕ್ಕಿಲ್ಲ: ಲಿಂಕ್‌ನಲ್ಲಿ ನೋಡಿದ ಸಿನಿಮಾ ಯಾರ ಜೇಬಿಗೆ ಕತ್ತರಿ ಹಾಕುತ್ತದೆ?

ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿದ್ದೆವು. ಹಿಂದಿನ ದಿನವಷ್ಟೇ ಬಿಡುಗಡೆಯಾಗಿದ್ದ ಒಂದು ಕನ್ನಡ ಸಿನಿಮಾದ ಮಾತು ಬಂತು. ಅಲ್ಲಿದ್ದ ಎಂಟು ಜನರಲ್ಲಿ ಐದು ಜನ ಆಗಲೇ ಅದನ್ನು ನೋಡಿಬಿಟ್ಟಿದ್ದರು. ಒಬ್ಬರೂ ಥಿಯೇಟರ್ ಕಡೆ ತಲೆ ಹಾಕಿರಲಿಲ್ಲ, ಎಲ್ಲರೂ ನೋಡಿದ್ದು ಫೋನಿಗೆ ಬಂದ ಕಳ್ಳಪ್ರತಿಯ ಲಿಂಕ್‌ನಲ್ಲಿ. "ನಿಂಗೂ ಕಳಿಸ್ತೀನಿ ತಡಿಯೋ, ಪ್ರಿಂಟ್ ಪರವಾಗಿಲ್ಲ" ಅಂತ ದೊಡ್ಡಪ್ಪನ ಮಗ ಫೋನ್ ಹೊರಗೆ ತೆಗೆದ.

ನನಗೆ ಆಶ್ಚರ್ಯವಾಗಿದ್ದು ಅದಲ್ಲ. ಆಮೇಲೆ ಅವರು ಆ ಸಿನಿಮಾದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಸೆಕೆಂಡ್ ಹಾಫ್ ಎಳೆದಿದ್ದಾರೆ, ಆ ತಾಯಿ ಪಾತ್ರ ಮಾಡಿದವರು ಚೆನ್ನಾಗಿ ಮಾಡಿದ್ದಾರೆ, ಮಂಡ್ಯದ ಮಾತು ಸರಿಯಾಗಿ ಕೂತಿಲ್ಲ, ಹೀಗೆ. ಒಳ್ಳೆಯ ಪ್ರೇಕ್ಷಕರು ಅಂದರೆ ಇವರೇ. ಆದರೆ ಆ ಸಿನಿಮಾದ ಯಾವ ಲೆಕ್ಕದಲ್ಲೂ ಈ ಐದು ಜನ ಇಲ್ಲ. ಚಿಕ್ಕವರಿದ್ದಾಗ ಪುಟ್ಟ ತಮ್ಮನೋ ತಂಗಿಯೋ ಹಟ ಮಾಡಿದರೆ ಆಟಕ್ಕೆ ಸೇರಿಸಿಕೊಂಡು, "ಇವಳು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತಿದ್ದೆವಲ್ಲ? ಹಾಗೆ. ಪೈರಸಿಯಿಂದ ಆಗುವ ದೊಡ್ಡ ನಷ್ಟ ಇಲ್ಲೇ ಇದೆ ಅನ್ನೋದು ನನ್ನ ವಾದ. ಕಳೆದುಹೋದ ದುಡ್ಡಿಗಿಂತ, ಕಳೆದುಹೋದ ತಲೆ ಎಣಿಕೆ ಜಾಸ್ತಿ ಪೆಟ್ಟು ಕೊಡುತ್ತದೆ. ಅದರಲ್ಲೂ ಕನ್ನಡದಂಥ ಸಣ್ಣ ಮಾರುಕಟ್ಟೆಗೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. 2024ರ ಅಕ್ಟೋಬರ್‌ನಲ್ಲಿ ಇವೈ ಎಂಬ ಸಲಹಾ ಕಂಪನಿ ಮತ್ತು ಇಂಟರ್‌ನೆಟ್ ಕಂಪನಿಗಳ ಸಂಘವಾದ ಐಎಎಂಎಐ ಸೇರಿ ಒಂದು ವರದಿ ತಂದವು. 2023ರಲ್ಲಿ ಭಾರತದ ಪೈರಸಿ ವ್ಯವಹಾರದ ಗಾತ್ರ ₹22,400 ಕೋಟಿ ಅಂತ ಅದರ ಅಂದಾಜು. ಅದರಲ್ಲಿ ₹13,700 ಕೋಟಿ ಥಿಯೇಟರ್ ಸಿನಿಮಾಗಳ ಕಳ್ಳಪ್ರತಿಯದು, ₹8,700 ಕೋಟಿ ಒಟಿಟಿಯಿಂದ ಕದ್ದದ್ದು. ಸರ್ಕಾರಕ್ಕೆ ಬರಬೇಕಿದ್ದ ಜಿಎಸ್‌ಟಿಯಲ್ಲಿ ₹4,300 ಕೋಟಿವರೆಗೆ ಖೋತಾ. ನೋಡುಗರಲ್ಲಿ ನೂರಕ್ಕೆ 51 ಜನ ಒಂದಲ್ಲ ಒಂದು ರೀತಿ ಕಳ್ಳದಾರಿಯಲ್ಲಿ ನೋಡುತ್ತಾರಂತೆ.

ಈ ಕೋಟಿಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಅಂಕಿ ಸುಳ್ಳು ಅಂತಲ್ಲ. ಆದರೆ ಸಿನಿಮಾ ಮಂದಿ ಇದನ್ನು "ನಮಗಾದ ನಷ್ಟ" ಅಂತ ಹೇಳುವಾಗ, ಲಿಂಕ್‌ನಲ್ಲಿ ನೋಡಿದ ಪ್ರತಿಯೊಬ್ಬನೂ ಇಲ್ಲದಿದ್ದರೆ ಟಿಕೆಟ್ ತೆಗೆದುಕೊಳ್ಳುತ್ತಿದ್ದ ಅಂತ ಒಳಗೊಳಗೇ ಲೆಕ್ಕ ಹಾಕಿರುತ್ತಾರೆ. ಹಾಗೇನೂ ಇಲ್ಲ. ನನ್ನ ದೊಡ್ಡಪ್ಪನ ಮಗ ಲಿಂಕ್ ಸಿಗದಿದ್ದರೆ ಆ ಸಿನಿಮಾ ನೋಡುತ್ತಲೇ ಇರಲಿಲ್ಲ, ಕ್ರಿಕೆಟ್ ನೋಡುತ್ತಿದ್ದ. 2022ರಲ್ಲಿ 'ಕೆಜಿಎಫ್ 2' ಬಂತು, 'ಕಾಂತಾರ' ಬಂತು. ಎರಡರ ಕಳ್ಳಪ್ರತಿಗಳೂ ಫೋನಿಂದ ಫೋನಿಗೆ ಓಡಾಡಿದವು. ಆದರೂ ಥಿಯೇಟರ್ ಮುಂದೆ ಜಾತ್ರೆ ನೆರೆದಿತ್ತು. ದೊಡ್ಡ ಸಿನಿಮಾ ತಡೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ನಟರು ಪೈರಸಿ ಬಗ್ಗೆ ಕಣ್ಣೀರು ಹಾಕಿದಾಗ ಜನ "ಇವರಿಗೇನು ಕಮ್ಮಿ" ಅಂತ ಅನ್ನುವುದರಲ್ಲಿ ಅರ್ಥವಿದೆ.

ತಡೆದುಕೊಳ್ಳಲಾಗದವರು ಬೇರೆಯವರು.

ಕನ್ನಡದಲ್ಲಿ ಈಗ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬಿಡುಗಡೆಯಾಗುತ್ತವೆ. ಅದರಲ್ಲಿ ನಿಮಗೆ ಹೆಸರು ನೆನಪಿರುವವು ಹತ್ತೋ ಹದಿನೈದೋ ಇರಬಹುದು. ಉಳಿದವೆಲ್ಲ ಸೈಟ್ ಮಾರಿಯೋ, ಗೆಳೆಯರ ಹತ್ತಿರ ಸಾಲ ಎತ್ತಿಯೋ ಮಾಡಿದ ಸಿನಿಮಾಗಳು. ಅಂಥ ಒಂದು ಸಿನಿಮಾ ಶುಕ್ರವಾರ ತೆರೆಗೆ ಬರುತ್ತದೆ. ಎಷ್ಟೋ ಸಿಂಗಲ್ ಸ್ಕ್ರೀನ್‌ಗಳಲ್ಲಿ ನಿರ್ಮಾಪಕನೇ ವಾರದ ಬಾಡಿಗೆ ಕಟ್ಟಬೇಕು, ಜನ ಬರಲಿ ಬಿಡಲಿ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆ ಇಲ್ಲ, ಬಂದದ್ದರಲ್ಲಿ ಪಾಲು. ಆದರೆ ಅಲ್ಲಿ ಶುಕ್ರವಾರ, ಶನಿವಾರ ಎಷ್ಟು ಸೀಟು ತುಂಬಿತು ಅಂತ ನೋಡಿ ಸೋಮವಾರದ ಶೋ ಹಂಚುತ್ತಾರೆ. ಬೆಳಗ್ಗೆ ಒಂಬತ್ತೂವರೆಗೆ ಒಂದು ಶೋ, ರಾತ್ರಿ ಹತ್ತೂಮುಕ್ಕಾಲಿಗೆ ಇನ್ನೊಂದು ಅಂತ ತಳ್ಳಿದರೆ ಕಥೆ ಮುಗಿಯಿತು. ಸಣ್ಣ ಸಿನಿಮಾ ನಿಲ್ಲುವುದು ಬಾಯಿಂದ ಬಾಯಿಗೆ ಹೋಗುವ ಮಾತಿನ ಮೇಲೆ. ಆ ಮಾತು ಹರಡಲು ನಾಲ್ಕೈದು ದಿನ ಬೇಕು. ಲಿಂಕ್ ಹರಡಲು ನಾಲ್ಕೈದು ಗಂಟೆ ಸಾಕು. ಹೀಗಾಗಿ "ಚೆನ್ನಾಗಿದೆಯಂತೆ" ಅನ್ನುವ ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ, ಸುದ್ದಿಯ ಜೊತೆಗೇ ಸಿನಿಮಾನೂ ಬಂದುಬಿಟ್ಟಿರುತ್ತದೆ. ಥಿಯೇಟರಿಗೆ ಹೋಗೋದು ಯಾಕೆ?

ಹೋಗಲಿ, ಥಿಯೇಟರ್ ಕೈಕೊಟ್ಟರೆ ಟಿವಿ ಇದೆ, ಒಟಿಟಿ ಇದೆ ಅಂತೀರಾ? ಎಣಿಕೆಯ ಪೆಟ್ಟು ನಿಜವಾಗಿ ಬೀಳುವುದು ಅಲ್ಲಿ. ಒಂದು ಒಟಿಟಿ ಕಂಪನಿಯ ಮುಂಬೈ ಕಚೇರಿಯಲ್ಲಿ ಕೂತವರಿಗೆ ಕನ್ನಡದ ಬಗ್ಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವರ ಮುಂದೆ ಇರೋದು ಒಂದು ಪಟ್ಟಿ: ಯಾವ ಭಾಷೆಯ ಸಿನಿಮಾವನ್ನು ಎಷ್ಟು ಜನ, ಎಷ್ಟು ಗಂಟೆ ನೋಡಿದರು, ಆ ಭಾಷೆಗೋಸ್ಕರ ಎಷ್ಟು ಜನ ಹೊಸದಾಗಿ ಚಂದಾ ಕಟ್ಟಿದರು. ಸಣ್ಣ ಸಿನಿಮಾಗಳಿಗೆ ಒಂದೇ ಗಂಟಿನಲ್ಲಿ ದುಡ್ಡು ಕೊಡುವುದು ಬಿಟ್ಟು, ನೋಡಿದ ಗಂಟೆಗಳ ಲೆಕ್ಕದಲ್ಲಿ ಪಾಲು ಕೊಡುವ ಪದ್ಧತಿಯೂ ಬಂದಿದೆ. ಈಗ ಯೋಚಿಸಿ. ಸಿನಿಮಾ ಒಟಿಟಿಗೆ ಬಂದ ದಿನವೇ ಅದರ ಎಚ್‌ಡಿ ಪ್ರಿಂಟ್ ಟೆಲಿಗ್ರಾಂ ಚಾನೆಲ್‌ಗೆ ಬರುತ್ತದೆ. ಲಕ್ಷ ಜನ ನೋಡುತ್ತಾರೆ ಅಂತಿಟ್ಟುಕೊಳ್ಳಿ. ಮುಂಬೈ ಪಟ್ಟಿಯಲ್ಲಿ ಆ ಲಕ್ಷ ಜನರ ಜಾಗದಲ್ಲಿ ಇರೋದು ಸೊನ್ನೆ. ಪಟ್ಟಿ ನೋಡಿದವರು ಹೇಳುವುದು ಒಂದೇ: "ಕನ್ನಡದವರು ಕನ್ನಡ ಸಿನಿಮಾ ನೋಡಲ್ಲ."

ಈ ಮಾತನ್ನು ಗಾಂಧಿನಗರದಲ್ಲಿ ಎಷ್ಟು ಸಲ ಕೇಳಿಲ್ಲ ನಾವು! 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ತನ್ನ 'ಏಕಂ' ವೆಬ್ ಸರಣಿಯನ್ನು ತನ್ನದೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿತು. ಯಾಕೆ ಅಂದರೆ ದೊಡ್ಡ ಒಟಿಟಿಗಳು ಯಾವುವೂ ತೆಗೆದುಕೊಳ್ಳಲಿಲ್ಲ. ಹೆಸರಿದ್ದವರ ಪಾಡೇ ಹೀಗಾದರೆ, ಮೊದಲ ಸಿನಿಮಾ ಮಾಡಿದ ಹುಡುಗನ ಪಾಡೇನು? ಇದಕ್ಕೆಲ್ಲ ಪೈರಸಿಯೊಂದೇ ಕಾರಣ ಅಂತ ನಾನು ಹೇಳಲ್ಲ. ಕನ್ನಡದವರು ತೆಲುಗು, ತಮಿಳು, ಹಿಂದಿ ಎಲ್ಲವನ್ನೂ ನೋಡುತ್ತಾರೆ, ಅದೂ ಒಂದು ಕಾರಣ. ಕಳಪೆ ಸಿನಿಮಾಗಳೂ ಕಾರಣ. ಆದರೆ ಇಲ್ಲೊಂದು ಗಾಣದ ಸುತ್ತು ಇದೆ. ಕಳ್ಳಪ್ರತಿಯಲ್ಲಿ ನೋಡಿದ್ದರಿಂದ ಎಣಿಕೆ ಇಲ್ಲ, ಎಣಿಕೆ ಇಲ್ಲದ್ದರಿಂದ ಒಟಿಟಿ ಕೊಳ್ಳಲ್ಲ, ಒಟಿಟಿಯಲ್ಲಿ ಇಲ್ಲದ್ದರಿಂದ ಜನ ಕಳ್ಳಪ್ರತಿ ಹುಡುಕುತ್ತಾರೆ. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗನಿಗೆ ಎಷ್ಟೋ ಸಿನಿಮಾಗಳ ವಿಷಯದಲ್ಲಿ ಬೇರೆ ದಾರಿಯೇ ಇಲ್ಲ. ದುಡ್ಡು ಕೊಡಲು ಅವನು ರೆಡಿ, ಇಸಕೊಳ್ಳುವವರು ಇಲ್ಲ.

ಒಟಿಟಿ ದುಡ್ಡು ಬರದಿದ್ದರೆ ನಿರ್ಮಾಪಕ ಮುಳುಗುತ್ತಾನೆ, ಅದು ಗೊತ್ತಿರೋದೇ. ಆದರೆ ಅವನಿಗಿಂತ ಮೊದಲು ಮುಳುಗುವವರು ಇದ್ದಾರೆ. ಸಣ್ಣ ಸಿನಿಮಾಗಳಲ್ಲಿ "ರಿಲೀಸ್ ಆದಮೇಲೆ ನೋಡ್ಕೊಳ್ಳೋಣ" ಅನ್ನೋದು ದಿನಬಳಕೆಯ ಮಾತು. ಎಡಿಟರ್‌ಗೆ, ಡಬ್ಬಿಂಗ್ ಕಲಾವಿದರಿಗೆ, ಸಹಾಯಕ ನಿರ್ದೇಶಕರಿಗೆ ಬಾಕಿ ಉಳಿಯುವುದು ಹೀಗೆ. ಹೀರೋಗೆ ಮೊದಲೇ ಅಡ್ವಾನ್ಸ್ ಹೋಗಿರುತ್ತದೆ. ಬಾಕಿ ಅನ್ನೋದು ಯಾವಾಗಲೂ ಕೆಳಗಿನವರದ್ದೇ. 2024ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಅಂತ ಒಂದು ಮಸೂದೆ ತಂದು ವಿಧಾನಮಂಡಲದಲ್ಲಿ ಪಾಸು ಮಾಡಿಸಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಇವುಗಳ ಮೇಲೆ ಶೇ 1ರಿಂದ ಶೇ 2ರವರೆಗೆ ಸೆಸ್ ಹಾಕಿ, ಆ ದುಡ್ಡನ್ನು ಕಾರ್ಮಿಕರ ನಿಧಿಗೆ ಸೇರಿಸುವ ಯೋಚನೆ ಅದು. ಒಳ್ಳೆಯದೇ. ಆದರೆ ಲಿಂಕ್‌ಗೆ ಯಾರು ಸೆಸ್ ಹಾಕುತ್ತಾರೆ? ಲೈಟ್ ಹೊರುವವರ, ಮೇಕಪ್ ಮಾಡುವವರ ಆಸ್ಪತ್ರೆ ಖರ್ಚಿನ ನಿಧಿ ನಿಂತಿರೋದು ಎಣಿಕೆಗೆ ಸಿಗುವ ಪ್ರೇಕ್ಷಕನ ಮೇಲೆ.

ಈಗ ನೋಡುವವರ ಕಡೆಗೆ ಬರೋಣ. ಪುಕ್ಕಟೆ ಸಿಕ್ಕಿತು ಅಂತ ನಾವು ಅಂದುಕೊಂಡಿರುತ್ತೇವೆ.

ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಿ ನಕಲಿ ಸಿಡಿ ಕೊಂಡ ತಲೆಮಾರಿನವನು ನಾನು. ಆಗ ಮೂವತ್ತೋ ನಲವತ್ತೋ ರೂಪಾಯಿ ಕೊಟ್ಟು, ಕವರ್ ಒಂದು ಒಳಗೆ ಇನ್ನೊಂದು ಅಂತ ಮೋಸ ಹೋಗಿ, ಮರುದಿನ ಜಗಳ ಮಾಡಿ ಬದಲಿಸಿಕೊಂಡು ಬರುತ್ತಿದ್ದೆವು. ತಪ್ಪೇ, ಒಪ್ಪುತ್ತೇನೆ. ಆದರೆ ಆ ವ್ಯಾಪಾರಿ ನಮ್ಮಿಂದ ತೆಗೆದುಕೊಳ್ಳುತ್ತಿದ್ದದ್ದು ಆ ನಲವತ್ತು ರೂಪಾಯಿ ಅಷ್ಟೇ. ಈಗಿನ ಸೈಟು ನಲವತ್ತು ಪೈಸೆಯನ್ನೂ ಕೇಳಲ್ಲ. ಹಾಗಾದರೆ ಅದು ಸರ್ವರ್‌ಗೆ ದುಡ್ಡು ಎಲ್ಲಿಂದ ತರುತ್ತದೆ?

2025ರ ನವೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ಐಬೊಮ್ಮ ಎಂಬ ಪೈರಸಿ ಸೈಟನ್ನು ನಡೆಸುತ್ತಿದ್ದ ಆರೋಪದ ಮೇಲೆ ಒಬ್ಬನನ್ನು ಬಂಧಿಸಿದರು. ತೆಲುಗು ಸಿನಿಮಾ ಮಂದಿಯ ನಿದ್ದೆ ಕೆಡಿಸಿದ್ದ ಸೈಟ್ ಅದು. ಪೊಲೀಸರು ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಸಿನಿಮಾಗಳ ಸಂಖ್ಯೆಯಲ್ಲ. ಆ ಸೈಟ್‌ನ ಆದಾಯ ಬೆಟ್ಟಿಂಗ್ ಆಪ್‌ಗಳ ಪ್ರಚಾರದಿಂದ ಬರುತ್ತಿತ್ತು, ಲಕ್ಷಾಂತರ ಬಳಕೆದಾರರ ಮಾಹಿತಿ ಅವನ ಹತ್ತಿರ ಇತ್ತು ಅನ್ನೋದು. ಅಂದರೆ ಸಿನಿಮಾ ಬರೀ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಕ್ರಿಕೆಟ್‌ನಲ್ಲೂ ಇದೇ ಕಥೆ. ಫೇರ್‌ಪ್ಲೇ ಎಂಬ ಬೆಟ್ಟಿಂಗ್ ಆಪ್ 2023ರ ಐಪಿಎಲ್ ಪಂದ್ಯಗಳನ್ನು ಅನುಮತಿ ಇಲ್ಲದೆ ತೋರಿಸಿತು ಅಂತ, ಆನ್‌ಲೈನ್ ಪ್ರಸಾರದ ಹಕ್ಕಿದ್ದ ವಯಾಕಾಂ18 ಕಂಪನಿ ದೂರು ಕೊಟ್ಟು, ಅದು ಇ.ಡಿ. ತನಿಖೆವರೆಗೂ ಹೋಯಿತು. ಪುಕ್ಕಟೆ ಪಂದ್ಯ ತೋರಿಸಿ, ಪಕ್ಕದಲ್ಲೇ ಜೂಜಿನ ಬಾಗಿಲು ತೆರೆದಿಡುವ ವ್ಯಾಪಾರ.

ಇದಕ್ಕಿಂತ ಕೆಟ್ಟದ್ದು ಎಪಿಕೆ ಫೈಲ್‌ಗಳು, ಅಂದರೆ ಆಂಡ್ರಾಯ್ಡ್ ಫೋನಿಗೆ ನೇರವಾಗಿ ಹಾಕಿಕೊಳ್ಳುವ ಆಪ್‌ಗಳು. "ಈ ಆಪ್ ಹಾಕ್ಕೊಳ್ಳಿ, ಎಲ್ಲ ಸಿನಿಮಾ ಫ್ರೀ" ಅಂತ ಗುಂಪಿನಲ್ಲಿ ಯಾರೋ ಕಳಿಸುತ್ತಾರೆ. ಅದು ಪ್ಲೇ ಸ್ಟೋರ್‌ನಲ್ಲಿ ಇರುವುದಿಲ್ಲ. ಹೊರಗಿನಿಂದ ಹಾಕಿಕೊಳ್ಳಲು ಫೋನ್ ಎಚ್ಚರಿಕೆ ಕೊಟ್ಟರೂ ನಾವು 'ಸರಿ' ಒತ್ತುತ್ತೇವೆ. ಆಮೇಲೆ ಅದು ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಸಿನಿಮಾ ತೋರಿಸುವ ಆಪ್‌ಗೆ ನಿಮ್ಮ ಮೆಸೇಜ್ ಓದುವ ಕೆಲಸ ಏನು ಅಂತ ಒಂದು ಕ್ಷಣ ಯೋಚಿಸಿದರೆ ಸಾಕು. ಬ್ಯಾಂಕಿನ ಒಟಿಪಿ ಬರೋದು ಅಲ್ಲಿಗೇ. ನಮ್ಮ ಪರಿಚಯದ ಒಬ್ಬ ಮೇಷ್ಟ್ರು ಮೊಮ್ಮಗನಿಗೆ ಕಾರ್ಟೂನ್ ಸಿಗಲಿ ಅಂತ ಹೀಗೇ ಒಂದು ಆಪ್ ಹಾಕಿಸಿಕೊಂಡು, ಪಿಂಚಣಿ ಖಾತೆ ಅರ್ಧ ಖಾಲಿಯಾದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಅವರು ಜನ್ಮದಲ್ಲಿ ಥಿಯೇಟರ್‌ಗೆ ಖರ್ಚು ಮಾಡಿದ್ದಕ್ಕಿಂತ ಜಾಸ್ತಿ ಒಂದೇ ಮಧ್ಯಾಹ್ನ ಹೋಯಿತು.

ತಡೆಯುವ ಕೆಲಸಕ್ಕೂ ಖರ್ಚಿದೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ದೊಡ್ಡ ನಿರ್ಮಾಪಕ ಬಿಡುಗಡೆಗೆ ಮೊದಲೇ ಹೈಕೋರ್ಟ್‌ಗೆ ಹೋಗಿ, ಯಾರೆಂದು ಗೊತ್ತಿಲ್ಲದ ಕಳ್ಳರ ವಿರುದ್ಧ ತಡೆಯಾಜ್ಞೆ ತರುತ್ತಾನೆ. ಇದಕ್ಕೆ ಹೊರದೇಶಗಳಲ್ಲಿ 'ಜಾನ್ ಡೋ' ಅಂತ ಹೆಸರು. ನಮ್ಮಲ್ಲಿ 'ಅಶೋಕ್ ಕುಮಾರ್' ಆದೇಶ ಅಂತಲೂ ಕರೆಯುತ್ತಾರೆ (ಅಶೋಕ್ ಕುಮಾರ್ ಎಂಬ ಹೆಸರಿನವರು ಏನು ಪಾಪ ಮಾಡಿದ್ದರೋ). 2019ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಚ್ಚಿಸಿದ ಸೈಟ್ ಹೆಸರು ಬದಲಿಸಿ ಮತ್ತೆ ಬಂದರೆ ಹೊಸ ಕೇಸ್ ಬೇಡ, ಹಳೆಯ ಆದೇಶಕ್ಕೇ ಅದನ್ನು ಸೇರಿಸಬಹುದು ಅಂತ ದಾರಿ ಮಾಡಿಕೊಟ್ಟಿತು. ವಕೀಲರ ಫೀಸು, ದಿನವಿಡೀ ಲಿಂಕ್ ಹುಡುಕಿ ತೆಗೆಸುವ ಏಜೆನ್ಸಿಯ ಫೀಸು, ಇದೆಲ್ಲ ಪ್ರಚಾರದ ಖರ್ಚಿನ ಜೊತೆಗೆ ಬಂದು ಕೂತಿದೆ. ಎರಡು ಕೋಟಿಯ ಸಿನಿಮಾಗೆ ಇದು ಹೊರೆಯಲ್ಲವೇ? ಹಾಗಾಗಿ ಸಣ್ಣವರು ಇದನ್ನು ಮಾಡಿಸುವುದೇ ಇಲ್ಲ. ಕಳ್ಳಪ್ರತಿ ಗೂಗಲ್‌ನಲ್ಲಿ ಮೊದಲ ಪುಟದಲ್ಲೇ ಇರುತ್ತದೆ, ಅಧಿಕೃತ ಕೊಂಡಿ ಎಲ್ಲೋ ಕೆಳಗೆ.

ಈ ಆದೇಶಗಳಿಂದ ಸಂಬಂಧವೇ ಇಲ್ಲದವರಿಗೂ ಏಟು ಬಿದ್ದಿದೆ. 2012ರಲ್ಲಿ ಮದ್ರಾಸ್ ಹೈಕೋರ್ಟ್‌ನ ಇಂಥದ್ದೇ ಒಂದು ಆದೇಶ ಹಿಡಿದುಕೊಂಡು ಇಂಟರ್‌ನೆಟ್ ಕಂಪನಿಗಳು ವಿಮಿಯೋದಂಥ ವಿಡಿಯೊ ಸೈಟ್‌ಗಳನ್ನೇ ಪೂರ್ತಿ ಮುಚ್ಚಿದ್ದವು. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳಿಗೋಸ್ಕರ ಮುಚ್ಚಬೇಕಾದ ಸುಮಾರು 2,650 ಸೈಟ್‌ಗಳ ಪಟ್ಟಿ ಹೋಯಿತು, ಅದರಲ್ಲಿ ಇಂಟರ್‌ನೆಟ್ ಆರ್ಕೈವ್ ಕೂಡ ಸೇರಿಕೊಂಡಿತ್ತು. ಹಳೆಯ ಕನ್ನಡ ಪುಸ್ತಕ ಹುಡುಕುವವರಿಗೆ ಅದು ಎಂಥ ಖಜಾನೆ ಅಂತ ಗೊತ್ತು. ಎಲ್ಲಿಯೂ ಸಿಗದ, ಮರುಮುದ್ರಣ ಕಾಣದ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಅಲ್ಲಿವೆ. ಯಾರದೋ ಸಿನಿಮಾ ಉಳಿಸಲು ಹೋಗಿ ಲೈಬ್ರರಿಗೆ ಬೀಗ ಹಾಕಿದ ಹಾಗಾಯಿತು.

ಕಾನೂನು ಇಲ್ಲ ಅಂತೇನಿಲ್ಲ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು, ಕಳ್ಳತನದಲ್ಲಿ ಸಿನಿಮಾ ಚಿತ್ರೀಕರಿಸಿಕೊಳ್ಳುವವರಿಗೆ, ಅದನ್ನು ಹರಿಬಿಡುವವರಿಗೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ ₹3 ಲಕ್ಷದಿಂದ ಸಿನಿಮಾ ವೆಚ್ಚದ ಶೇ 5ರವರೆಗೆ ದಂಡ ಅಂತ ಮಾಡಿದರು. ಕರ್ನಾಟಕದ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಪೈರಸಿಯವರೂ ಇದ್ದಾರೆ. ಥಿಯೇಟರ್‌ನಲ್ಲಿ ಓಡುವ ಡಿಜಿಟಲ್ ಪ್ರಿಂಟ್‌ನಲ್ಲಿ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಯಾವ ಊರಿನ ಯಾವ ಪರದೆಯಲ್ಲಿ ಯಾವ ಶೋನಲ್ಲಿ ಕದ್ದರು ಅಂತ ಅದರಿಂದ ಹೇಳಬಹುದು. ಆದರೆ ಕದ್ದವನು ಸಿಗುವ ಹೊತ್ತಿಗೆ ಸಿನಿಮಾದ ಆಯಸ್ಸು ಮುಗಿದಿರುತ್ತದೆ. ಮೂರು ದಿನ ಬದುಕುವ ಸರಕಿಗೆ ಮೂರು ವರ್ಷದ ಕೇಸು.

ಕನ್ನಡದಲ್ಲಿ ಇನ್ನೊಂದು ವಿಚಿತ್ರವೂ ಇದೆ, ಹೇಳದಿದ್ದರೆ ಆಗಲ್ಲ. ಇಲ್ಲಿ ಕಳ್ಳಪ್ರತಿ ಹಂಚೋದು ಕೆಲವು ಸಲ ದುಡ್ಡಿಗಲ್ಲ, ಹಟಕ್ಕೆ. ಒಬ್ಬ ಸ್ಟಾರ್‌ನ ಸಿನಿಮಾ ಬಂದರೆ ಇನ್ನೊಬ್ಬನ ಅಭಿಮಾನಿ ಅನ್ನಿಸಿಕೊಂಡವನು ಲಿಂಕ್ ಹಾಕಿ "ಎಲ್ಲರೂ ಇಲ್ಲೇ ನೋಡ್ರೋ" ಅಂತ ಕರೆ ಕೊಡುತ್ತಾನೆ. ಮುಂದಿನ ತಿಂಗಳು ಇವನ ಸ್ಟಾರ್ ಸಿನಿಮಾಗೆ ಅವರು ತಿರುಗಿಸಿ ಕೊಡುತ್ತಾರೆ. ಇಬ್ಬರ ಸಿನಿಮಾನೂ ಓಡಿಸುವುದು ಅದೇ ಥಿಯೇಟರ್, ಕೆಲಸ ಮಾಡಿದ್ದು ಅದೇ ಲೈಟ್ ಯೂನಿಟ್.

ಹಾಗಂತ ಪ್ರೇಕ್ಷಕನ ಕಿವಿ ಹಿಂಡಿ ಸುಮ್ನೆ ಕೂರೋಕೆ ನನಗೆ ಮನಸ್ಸಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ನಾಲ್ಕು ಜನರ ಕುಟುಂಬ ಶನಿವಾರ ಸಂಜೆ ಸಿನಿಮಾ ನೋಡಿ, ಒಂದು ಪಾಪ್‌ಕಾರ್ನ್ ತೆಗೆದುಕೊಂಡು ಬಂದರೆ ಒಂದು ವಾರದ ತರಕಾರಿ, ಹಾಲಿನ ದುಡ್ಡು ಹೋಗಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರ ತೆರಿಗೆ ಬಿಟ್ಟು ₹200 ದಾಟಬಾರದು ಅಂತ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ₹100ರ ಒಳಗಿನ ಟಿಕೆಟ್‌ನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದರೆ ನೂರು ರೂಪಾಯಿ ಟಿಕೆಟ್ ಕೊಡುತ್ತಿದ್ದ ಥಿಯೇಟರ್‌ಗಳೇ ಒಂದೊಂದಾಗಿ ಹೋಗುತ್ತಿವೆ. ಕಪಾಲಿ 2017ರಲ್ಲಿ ಹೋಯಿತು. ಸ್ಯಾಂಕಿ ರಸ್ತೆಯ ಕಾವೇರಿ 50 ವರ್ಷ ಓಡಿ 2024ರಲ್ಲಿ ಮುಚ್ಚಿತು. ತಾಲ್ಲೂಕು ಊರುಗಳಲ್ಲಿ ಹಳೆಯ ಟಾಕೀಸು ಕಲ್ಯಾಣ ಮಂಟಪವೋ ಗೋಡೌನೋ ಆಗಿದೆ. ಇವೈ ವರದಿಯೂ ಇದನ್ನೇ ಹೇಳುತ್ತದೆ: ದೊಡ್ಡ ನಗರಗಳಿಗಿಂತ ಎರಡನೇ ಸಾಲಿನ ಊರುಗಳಲ್ಲಿ ಪೈರಸಿ ಜಾಸ್ತಿ, ಕೈಯಲ್ಲಿ ದುಡ್ಡು ಕಮ್ಮಿ, ಹತ್ತಿರದಲ್ಲಿ ಥಿಯೇಟರೂ ಕಮ್ಮಿ. ಇನ್ನೊಂದು ಅಂಕಿ ನನಗೆ ಇಷ್ಟವಾಯಿತು. ಕಳ್ಳಪ್ರತಿ ನೋಡುವವರಲ್ಲಿ ನೂರಕ್ಕೆ 64 ಜನ, ಜಾಹೀರಾತು ಬಂದರೂ ಪರವಾಗಿಲ್ಲ, ಉಚಿತವಾಗಿ ಸಿಕ್ಕರೆ ಅಧಿಕೃತ ಜಾಗದಲ್ಲೇ ನೋಡುತ್ತೇವೆ ಅಂದಿದ್ದಾರೆ. ಕಳ್ಳ ಸೈಟ್‌ನಲ್ಲಿ ಹತ್ತು ಜಾಹೀರಾತು ಮುಚ್ಚಿ ಸಿನಿಮಾ ಹತ್ತಿರ ಹೋಗುವ ತಾಳ್ಮೆ ಇದ್ದವರಿಗೆ ಎರಡು ಜಾಹೀರಾತು ಯಾವ ಲೆಕ್ಕ?

ಅಂದರೆ ಜನರಿಗೆ ಎಣಿಕೆಗೆ ಸಿಗೋದರ ಬಗ್ಗೆ ತಕರಾರಿಲ್ಲ. ಎಣಿಸುವ ಜಾಗ ಬೇಕು, ಅಷ್ಟೇ.

ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ 'ಸಿಸ್ಪೇಸ್' ಅಂತ ತನ್ನದೇ ಒಟಿಟಿ ಶುರು ಮಾಡಿತು. ಚಂದಾ ಇಲ್ಲ. ಒಂದು ಸಿನಿಮಾಗೆ ₹75, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ನಮ್ಮ ಸರ್ಕಾರವೂ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕನ್ನಡಕ್ಕೊಂದು ಒಟಿಟಿ ಮಾಡುತ್ತೇವೆ ಅಂತ ಘೋಷಿಸಿತು. ಅದರಲ್ಲಿ ಯಾವ ಸಿನಿಮಾಗಳು ಇರಬೇಕು, ಸಮಿತಿಯಲ್ಲಿ ಯಾರಿರಬೇಕು ಅಂತ ಚರ್ಚೆ ಆಗುತ್ತದೆ, ಅದು ಬಿಡಿ. ನಾನು ಕೇಳೋದು ಸಣ್ಣ ವಿಷಯ. ಪ್ರತಿ ಸಿನಿಮಾದ ಕೆಳಗೆ ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು, ಯಾವ ಜಿಲ್ಲೆಯಿಂದ ನೋಡಿದರು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಆಮೇಲೆ ಮೊದಲ ಸಿನಿಮಾ ಮಾಡಿದ ಆ ಹುಡುಗ ಮುಂಬೈಗೆ ಹೋಗುವಾಗ ಕೈಯಲ್ಲಿ ಒಂದು ಹಾಳೆ ಇರುತ್ತದೆ.